ಹೊಳವು ತಪ್ಪಿದ ಮಳೆಗಾಲ

ಶಿರಸಿ ಕಡೆ ಅಡಿಕೆ ತೋಟ ಇದ್ದವರಿಗೆ ಮಳೆಗಾಲದಲ್ಲಿ ಮಳೆಗಿಂತ ಹೊಳವಿನ ಚಿಂತೆಯೇ ಜಾಸ್ತಿ. ಹೊಳವು ಅಂದ್ರೆ ಮಳೆಯ ನಡುವೆ ಸಿಗುವ ಬಿಡುವು. ಮೋಡ ಹರಿದು, ಅಂಗಳ ಸ್ವಲ್ಪ ಬಿಳುಚಿ, ಮರದ ಕಾಂಡದ ಜಾರಿಕೆ ಕಡಿಮೆಯಾದರೆ ಅಡಿಕೆ ಕೊನೆ (ಗೊನೆ) ಇಳಿಸುವ ಕೆಲಸದ ಕೊನೆಗೌಡ ಮರ ಹತ್ತುತ್ತಾನೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಯ ಮೇಲೆ ಹೊಡೆಯುತ್ತಾನೆ. ಅದು ಕಾಯಿಯ ಮೇಲೆ ಒಣಗಿ ಅಂಟಿಕೊಳ್ಳಲು ಕೆಲವು ತಾಸು ಬೇಕು. ಆ ತಾಸು ಸಿಗದಿದ್ದರೆ ಕಾಯಿ ಕೊಳೆತು ಉದುರುವ ಕೊಳೆ ರೋಗ. ಮುಂಗಾರು ಶುರುವಾಗುವ ಹೊತ್ತಿಗೆ ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಹೊಡೆಯುವುದು ಪದ್ಧತಿ.

2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. ವಾಡಿಕೆಯ ದಿನ ಜೂನ್ 1. 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಕಟ್ಟಿಗೆ ಒಳಗೆ ಸೇರಿರಲಿಲ್ಲ, ಹಂಚು ಕೈಯಾಡಿಸಿರಲಿಲ್ಲ, ಮೈಲುತುತ್ತ ತಂದೇ ಇರಲಿಲ್ಲ. ಆಮೇಲೊಂದು ಬೆಳಗ್ಗೆ ಬಿಸಿಲು ಕಂಡಿತು ಅಂತ ಎರಡು ಡ್ರಮ್ ದ್ರಾವಣ ಕಲಸಿ ನಿಂತೆ. ಕೊನೆಗೌಡ ಪಶ್ಚಿಮದ ಕಡೆ ನೋಡಿ, "ಭಟ್ರೇ, ಈ ಹೊಳವು ನಂಬೂದಲ್ಲ" ಅಂದ. ನಾನು ಕೇಳಲಿಲ್ಲ. ಹನ್ನೊಂದು ಗಂಟೆಗೆ ಸುರಿಯಿತು. ನೀಲಿ ನೀರು ಕಾಂಡದ ಮೇಲೆ ಇಳಿದು ಬುಡ ಸೇರಿತು.

ಹವಾಮಾನ ಬದಲಾವಣೆಯ ಮಾತು ಬಂದಾಗೆಲ್ಲ ಊರಲ್ಲಿ ಕೇಳುವ ಪ್ರಶ್ನೆ ಒಂದೇ: ಮಳೆ ಜಾಸ್ತಿ ಆಗಿದೆಯೋ, ಕಡಿಮೆ ಆಗಿದೆಯೋ? ಈ ಪ್ರಶ್ನೆ ನಮ್ಮನ್ನು ದಾರಿ ತಪ್ಪಿಸುತ್ತದೆ ಅಂತ ನನಗೆ ಅನಿಸುತ್ತದೆ. ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದು ನೂರು ಮಿಲಿಮೀಟರ್ ಆಚೀಚೆ ಆದರೆ ತೋಟಕ್ಕೂ ಗೊತ್ತಾಗುವುದಿಲ್ಲ, ಗುಡ್ಡಕ್ಕೂ ಗೊತ್ತಾಗುವುದಿಲ್ಲ. ಅದೇ ನೂರು ಮಿಲಿಮೀಟರ್ ಮೂರು ತಾಸಿನಲ್ಲಿ ಬಿದ್ದರೆ ಇಬ್ಬರಿಗೂ ಗೊತ್ತಾಗುತ್ತದೆ. ಹಾಗಾಗಿ ಎರಡು ಲೆಕ್ಕ ಬೇರೆ ಬೇರೆ ಇಟ್ಟುಕೊಳ್ಳಬೇಕು. ಒಂದು, ಗಾಳಿ ಎಷ್ಟು ನೀರು ಹೊತ್ತಿದೆ ಅನ್ನುವ ಲೆಕ್ಕ. ಇನ್ನೊಂದು, ಆ ಗಾಳಿ ಯಾವ ದಾರಿಯಲ್ಲಿ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಅನ್ನುವ ಲೆಕ್ಕ. ಮೊದಲನೆಯದು ವಿಜ್ಞಾನಕ್ಕೆ ಚೆನ್ನಾಗಿ ಗೊತ್ತು. ಎರಡನೆಯದರಲ್ಲೇ ಎಲ್ಲ ಕಗ್ಗಂಟು.

ನೀರಿನ ಲೆಕ್ಕ ಮೊದಲು ಮುಗಿಸೋಣ, ಅದು ಸುಲಭ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಇದು ಹತ್ತೊಂಬತ್ತನೇ ಶತಮಾನದಿಂದ ಗೊತ್ತಿರುವ ಭೌತಶಾಸ್ತ್ರ. ಭೂಮಿ ಈಗ ಕೈಗಾರಿಕೆಗಳು ಬರುವ ಮುಂಚಿಗಿಂತ ಸುಮಾರು 1.3 ಡಿಗ್ರಿ ಬಿಸಿಯಾಗಿದೆ. ಏಳನ್ನು 1.3ರಿಂದ ಗುಣಿಸಿದರೆ ಒಂಬತ್ತು ಚಿಲ್ಲರೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜಾರಿದ ಮೇಲೆ ವರ್ಲ್ಡ್ ವೆದರ್ ಆಟ್ರಿಬ್ಯೂಶನ್ ಎಂಬ ವಿಜ್ಞಾನಿಗಳ ತಂಡ ಲೆಕ್ಕ ಹಾಕಿತು. ಆ ಒಂದು ದಿನದ ಮಳೆಯ ಬಿರುಸು ಹವಾಮಾನ ಬದಲಾವಣೆಯಿಂದ ಸುಮಾರು ಶೇ. 10ರಷ್ಟು ಹೆಚ್ಚಿತ್ತು ಅಂತ ಅವರ ಅಂದಾಜು. ಕೈಲೆಕ್ಕಕ್ಕೂ ಅವರ ಲೆಕ್ಕಕ್ಕೂ ಹತ್ತಿರ ಹತ್ತಿರ ತಾಳೆಯಾಗುತ್ತದೆ.

ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಶೇ. 10 ಅಂದ್ರೆ 180 ಮಿ.ಮೀ. ಬೀಳಬೇಕಾದ ಕಡೆ 200 ಬಿತ್ತು ಅಂತ. 180 ಬಿದ್ದಿದ್ದರೂ ಅದು ಅತಿ ಜೋರು ಮಳೆಯೇ ಅಲ್ವಾ? ಆ ದಿನ 60ರ ಬದಲು 180 ಬಿದ್ದದ್ದು ಯಾಕೆ? ಅದಕ್ಕೆ ಉತ್ತರ ನೀರಾವಿಯಲ್ಲಿ ಇಲ್ಲ. ಗಾಳಿಯಲ್ಲಿದೆ.

ನಮಗೆ ಮಳೆ ತರುವ ಗಾಳಿ ಹುಟ್ಟುವುದು ಬಹಳ ದೂರದಲ್ಲಿ. ಮಡಗಾಸ್ಕರ್ ಆಚೆ, ಭೂಮಧ್ಯರೇಖೆಯ ದಕ್ಷಿಣಕ್ಕೆ ಹೆಚ್ಚು ಒತ್ತಡದ ಒಂದು ಪ್ರದೇಶವಿದೆ. ಅಲ್ಲಿಂದ ಹೊರಟ ಗಾಳಿ ಪೂರ್ವ ಆಫ್ರಿಕಾದ ಎತ್ತರದ ನೆಲಕ್ಕೆ ತಾಗಿ ತಿರುಗುತ್ತದೆ. ಸೊಮಾಲಿಯಾದ ಪಕ್ಕದಲ್ಲಿ ಕಿರಿದಾದ ಹೊಳೆಯಂತೆ ಬಿರುಸು ಪಡೆದು, ಅರಬ್ಬೀ ಸಮುದ್ರ ದಾಟಿ ನಮ್ಮ ಘಟ್ಟಕ್ಕೆ ಬಂದು ಹೊಡೆಯುತ್ತದೆ. ನೆಲದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಇದರ ವೇಗ ಹೆಚ್ಚು. 1969ರಲ್ಲಿ ಇದನ್ನು ವಿವರವಾಗಿ ಗುರುತಿಸಿದವರು ಫಿಂಡ್ಲೇಟರ್ ಎಂಬ ಬ್ರಿಟಿಷ್ ಹವಾಮಾನ ವಿಜ್ಞಾನಿ. ದಾರಿಯುದ್ದಕ್ಕೂ ಸಮುದ್ರದಿಂದ ನೀರು ಎತ್ತಿಕೊಂಡು ಬರುವ ಈ ಗಾಳಿಗೆ ದೇವಿಮನೆ, ಅರಬೈಲ್, ಅಣಶಿ ಘಟ್ಟಗಳು ಅಡ್ಡ ಸಿಗುತ್ತವೆ. ಮೇಲೇರಿದ ಗಾಳಿ ತಣ್ಣಗಾಗಿ ಹೊರೆ ಇಳಿಸುತ್ತದೆ. ಅದಕ್ಕೇ ಕುಮಟಾದಲ್ಲಿ ಕೊಡೆ ಮಡಚುವಂತಿಲ್ಲ, ಘಟ್ಟದ ಆಚೆಯ ಮುಂಡಗೋಡದಲ್ಲಿ ಮೆಕ್ಕೆಜೋಳ.

ಯಾಕೆ ಬರುತ್ತದೆ ಈ ಗಾಳಿ? ಶಾಲೆಯಲ್ಲಿ ಹೇಳಿಕೊಟ್ಟದ್ದು ಬಚ್ಚಲ ಒಲೆಯ ಕಥೆ. ಒಲೆ ಉರಿದರೆ ಬಿಸಿ ಗಾಳಿ ಮೇಲೆ ಹೋಗುತ್ತದೆ, ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಹಾಗೇ ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಸಮುದ್ರದ ಗಾಳಿ ನುಗ್ಗುತ್ತದೆ. ಕಥೆ ಚೆನ್ನಾಗಿದೆ. ಆದರೆ ಇದನ್ನೇ ಹಿಡಿದುಕೊಂಡರೆ, ಭೂಮಿ ಬಿಸಿಯಾದಷ್ಟೂ ಮುಂಗಾರು ಜೋರಾಗಬೇಕು. 2023ರ ಆಗಸ್ಟ್ ನೆನಪು ಮಾಡಿಕೊಳ್ಳಿ. ದೇಶದಲ್ಲಿ ವಾಡಿಕೆಗಿಂತ ಶೇ. 36ರಷ್ಟು ಕಡಿಮೆ ಮಳೆ. 1901ರಿಂದ ದಾಖಲೆಯಲ್ಲಿರುವ ಆಗಸ್ಟ್‌ಗಳಲ್ಲೇ ಅದು ಅತಿ ಒಣ ಆಗಸ್ಟ್. ನೆಲ ಚೆನ್ನಾಗಿಯೇ ಕಾದಿತ್ತು, ಗಾಳಿ ಬರಲಿಲ್ಲ. ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಈ ಒಲೆಯ ಕಥೆಯನ್ನು ದಶಕಗಳ ಹಿಂದೆಯೇ ಪ್ರಶ್ನಿಸಿದ್ದರು. ಭೂಮಧ್ಯರೇಖೆಯ ಆಸುಪಾಸು ಸಮುದ್ರದ ಮೇಲೆ ಒಂದು ಮೋಡದ ಪಟ್ಟಿ ಯಾವಾಗಲೂ ಇರುತ್ತದೆ. ಬೇಸಿಗೆಯಲ್ಲಿ ಅದು ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬರುವುದೇ ಮುಂಗಾರು ಅಂತ ಅವರ ವಾದ. 1980ರಲ್ಲಿ ಅವರೂ ಡಿ.ಆರ್. ಸಿಕ್ಕಾ ಅವರೂ ಉಪಗ್ರಹದ ಚಿತ್ರಗಳನ್ನು ದಿನದ ಲೆಕ್ಕದಲ್ಲಿ ನೋಡಿ ಒಂದು ಸಂಗತಿ ತೋರಿಸಿದರು. ಈ ಪಟ್ಟಿ ಒಮ್ಮೆ ಬಂದು ಸುಮ್ನೆ ಕೂರುವುದಿಲ್ಲ. ನೆಲದ ಮೇಲಿದ್ದ ಪಟ್ಟಿ ಕ್ಷೀಣಿಸುತ್ತದೆ. ಕೆಲವು ವಾರಗಳಿಗೊಮ್ಮೆ ಸಮುದ್ರದ ಮೇಲೆ ಹೊಸದೊಂದು ಹುಟ್ಟಿ ಮತ್ತೆ ಉತ್ತರಕ್ಕೆ ನಡೆಯುತ್ತದೆ. ಒಂದು ಹೋಗಿ ಇನ್ನೊಂದು ಬರುವ ನಡುವಿನ ದಿನಗಳೇ ದೊಡ್ಡ ಅಳತೆಯ ಹೊಳವು. ನಮ್ಮ ಅಜ್ಜಂದಿರು ಅಂಗಳದಲ್ಲಿ ನಿಂತು ಕಂಡದ್ದನ್ನು ಅವರು ಆಕಾಶದಿಂದ ಕಂಡರು.

ಈ ಪಟ್ಟಿಯ ಓಡಾಟವನ್ನು ದೂರದ ಹಲವು ಕೈಗಳು ಎಳೆಯುತ್ತವೆ. ಪೆಸಿಫಿಕ್ ಸಾಗರದ ಎಲ್ ನಿನೋ, ಅಂದ್ರೆ ಅಲ್ಲಿನ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾಗುವುದು, ಬಂದ ವರ್ಷ ಮುಂಗಾರು ಹೆಚ್ಚಾಗಿ ಸೊರಗುತ್ತದೆ. 2023ರಲ್ಲಿ ಆದದ್ದು ಅದೇ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿ, ಪೂರ್ವ ಭಾಗ ತಂಪಾದರೆ ನಮಗೆ ಅನುಕೂಲ, ಕೆಲವೊಮ್ಮೆ ಅತಿಯಾದ ಅನುಕೂಲ. 2019ರಲ್ಲಿ ಹಾಗಾಗಿತ್ತು. ಆ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಕೆಳಗೆ ಕಾಳಿ ನದಿಯ ದಂಡೆಯಲ್ಲಿದ್ದವರು ಮನೆ ಬಿಟ್ಟು ಓಡಬೇಕಾಯಿತು. ಇವುಗಳ ಜೊತೆಗೆ ಮ್ಯಾಡನ್-ಜೂಲಿಯನ್ ಎಂಬ ಅಲೆಯೂ ಇದೆ. ಒಂದೆರಡು ತಿಂಗಳಿಗೊಮ್ಮೆ ಮೋಡದ ದಂಡು ಕಟ್ಟಿಕೊಂಡು ಪೂರ್ವಕ್ಕೆ ಹೋಗುತ್ತದೆ. 2025ರ ಮೇ ತಿಂಗಳ ಅವಸರದ ಮುಂಗಾರಿನಲ್ಲಿ ಇದರದ್ದೂ ಪಾಲಿತ್ತು. ಇವೆಲ್ಲ ಹಿಂದೆಯೂ ಇದ್ದವೇ. ಹವಾಮಾನ ಬದಲಾವಣೆ ಇವನ್ನು ಹುಟ್ಟಿಸಲಿಲ್ಲ. ಇವು ಆಡುವ ಅಂಗಳವನ್ನು ಬದಲಿಸಿದೆ.

ಹೇಗೆ ಅಂತ ನೋಡಲು ಅಡಿಕೆ ಲಾರಿಯ ಲೆಕ್ಕ ಹಾಕೋಣ. ಗಾಳಿ ಹೊರುವ ನೀರು ಡಿಗ್ರಿಗೆ ಶೇ. 7 ಹೆಚ್ಚುತ್ತದೆ ಅಂದೆ. ಆದರೆ ಇಡೀ ಭೂಮಿಯ ಒಟ್ಟು ಮಳೆ ಅಷ್ಟು ಹೆಚ್ಚುವುದಿಲ್ಲ. ಡಿಗ್ರಿಗೆ ಶೇ. 1ರಿಂದ 3, ಅಷ್ಟೇ. ಮಳೆಯಾಗುವಾಗ ಹೊರಬೀಳುವ ಶಾಖವನ್ನು ವಾತಾವರಣ ಆಕಾಶಕ್ಕೆ ಬಿಟ್ಟುಕೊಡಬೇಕು, ಆ ಬಿಡುವ ವೇಗಕ್ಕೆ ಮಿತಿ ಇದೆ. ಈಗ ಲಾರಿ ದೊಡ್ಡದಾಯಿತು, ಪೇಟೆಯ ವ್ಯಾಪಾರ ಅಷ್ಟು ಬೆಳೆಯಲಿಲ್ಲ ಅಂದ್ರೆ ಏನಾಗುತ್ತದೆ? ಟ್ರಿಪ್ ಕಡಿಮೆಯಾಗುತ್ತದೆ. ಬಂದಾಗ ಮಾತ್ರ ತುಂಬಿಕೊಂಡು ಬರುತ್ತದೆ. ಉಷ್ಣವಲಯದ ಗಾಳಿಯ ಸುತ್ತಾಟ ಒಟ್ಟಾರೆ ನಿಧಾನವಾಗಬಹುದು, ಆದರೆ ಬಿರುಮಳೆ ಹೆಚ್ಚಬಹುದು ಅನ್ನುವ ಮಾತು ವಿರೋಧದಂತೆ ಕಾಣುತ್ತದಲ್ಲ, ಅದರ ಗುಟ್ಟು ಇದು.

ದಾಖಲೆಯೂ ಈ ಕಡೆಗೇ ಬೊಟ್ಟು ಮಾಡುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ತಂದ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ. 6 ಕಡಿಮೆಯಾಗಿದೆ. ಎದ್ದು ಕಾಣುವಷ್ಟು ಕಡಿಮೆಯಾದ ಜಾಗಗಳಲ್ಲಿ ಗಂಗಾ ಬಯಲಿನ ಜೊತೆಗೆ ಪಶ್ಚಿಮ ಘಟ್ಟವೂ ಸೇರಿದೆ. ಇದರಲ್ಲಿ ಹೊಗೆ, ದೂಳಿನ ಕೈವಾಡವೂ ಇದೆ. ಆ ಕಣಗಳು ಬಿಸಿಲು ತಡೆದು ಮುಂಗಾರನ್ನು ಕುಗ್ಗಿಸುತ್ತವೆ. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಒಮ್ಮೆಲೇ ಬೀಳುವ ಅತಿ ಜೋರು ಮಳೆ ಮೂರು ಪಟ್ಟಾಗಿದೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ನನಗೆ ಮುಖ್ಯ ಅನಿಸಿದ್ದು ಅವರು ಕೊಟ್ಟ ಕಾರಣ. ಅರಬ್ಬೀ ಸಮುದ್ರದ ಮೇಲೆ ಬೀಸುವ ಪಶ್ಚಿಮದ ಗಾಳಿಯ ಏರಿಳಿತ ಜಾಸ್ತಿಯಾಗಿದೆಯಂತೆ. ಸರಾಸರಿ ಬಲ ಹೆಚ್ಚಿಲ್ಲ. ಆದರೆ ನಡುನಡುವೆ ಒಂದೆರಡು ದಿನ ಗಾಳಿ ದಿಢೀರನೆ ನುಗ್ಗಿ ನೀರಿನ ಮೂಟೆ ತಂದು ಚೆಲ್ಲುತ್ತದೆ. ಆ ಗಾಳಿ ದೇಶದೊಳಗೆ ಹೋಗುವುದು ನಮ್ಮ ಪಶ್ಚಿಮ ಕರಾವಳಿಯನ್ನು ದಾಟಿಯೇ.

ಇನ್ನು ಆ ಗಾಳಿಯ ದಾರಿ. ಇದು ಉತ್ತರ ಕನ್ನಡಕ್ಕೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಭೂಮಿ ಬಿಸಿಯಾದಂತೆ ಸೊಮಾಲಿಯಾ ಕಡೆಯಿಂದ ಬರುವ ಈ ಗಾಳಿಯ ನಡು ಉತ್ತರಕ್ಕೆ ಸರಿಯುತ್ತದೆ ಎಂದು 2015ರ ಒಂದು ಅಧ್ಯಯನ ಹೇಳಿತು. ಹಾಗಾದರೆ ಪಶ್ಚಿಮ ಕರಾವಳಿಯ ಉತ್ತರ ಭಾಗಕ್ಕೆ ಮಳೆ ಹೆಚ್ಚು, ದಕ್ಷಿಣ ಭಾಗಕ್ಕೆ ತುಸು ಕಡಿಮೆ. ಸರಿ, ಕಾರವಾರ ಯಾವ ಭಾಗಕ್ಕೆ ಸೇರಿತು? 15 ಡಿಗ್ರಿ ಅಕ್ಷಾಂಶದ ಪಕ್ಕದಲ್ಲಿರುವ ನಾವು ಸರಿಯಾಗಿ ನಡುವೆ. ಜಿಲ್ಲೆಯ ಉತ್ತರ ತುದಿಯ ಮಾಜಾಳಿಯಿಂದ ದಕ್ಷಿಣದ ಭಟ್ಕಳಕ್ಕೆ ನೇರ ಗೆರೆ ಎಳೆದರೆ ಅಕ್ಷಾಂಶದಲ್ಲಿ ಒಂದು ಡಿಗ್ರಿಯೂ ಇಲ್ಲ, ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಗಾಳಿ ಅಷ್ಟು ಸರಿದರೆ ಜಿಲ್ಲೆಯ ಒಂದು ತುದಿಯ ಮಳೆ ಇನ್ನೊಂದು ತುದಿಗೆ ಹೋಗುತ್ತದೆ.

ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಕೊಟ್ಟ ದಿನವೇ ಚಂದ ಬಿಸಿಲು ಬಂದು, ಮಕ್ಕಳು ಕ್ರಿಕೆಟ್ ಆಡುವುದನ್ನು ನಾವೆಲ್ಲ ನೋಡಿದ್ದೇವೆ. ವಾಟ್ಸಾಪ್ ತುಂಬ ಜೋಕು. ಆದರೆ ಅದೇ ದಿನ ಗೋವಾದ ಕಡೆ ಮಳೆ ಹೇಗಿತ್ತು ಅಂತ ಒಮ್ಮೆ ನೋಡಿ. ಬಹಳ ಸಲ ಮುನ್ಸೂಚನೆ ಪೂರ್ತಿ ಸುಳ್ಳಾಗಿರುವುದಿಲ್ಲ, ಗಾಳಿಯ ಪಟ್ಟಿ ತುಸು ಉತ್ತರಕ್ಕೆ ಸರಿದಿರುತ್ತದೆ. 24 ತಾಸಿನಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಹವಾಮಾನ ಇಲಾಖೆಯ ಭಾಷೆಯಲ್ಲಿ ಅತ್ಯಂತ ಭಾರಿ ಮಳೆ. ಅಂಥ ಮಳೆ ಬೀಳುವುದು ಸಣ್ಣ ಜಾಗಕ್ಕೆ. ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ.

ಮೋಡದ ಜಾತಿಯೂ ಬದಲಾಗುತ್ತಿದೆ. ಕರಾವಳಿಯ ಮುಂಗಾರು ಮೋಡಗಳು ಮೊದಲಿನಿಂದಲೂ ಅಷ್ಟು ಎತ್ತರದವಲ್ಲ. ಗುಡುಗು, ಸಿಡಿಲಿಲ್ಲದೆ ದಿನಗಟ್ಟಲೆ ಸುರಿಯುವ ಆಷಾಢದ ಮಳೆ ಅಂಥ ಮೋಡದ್ದು. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪಶ್ಚಿಮ ಕರಾವಳಿಯಲ್ಲಿ ಈಗ ಎತ್ತರಕ್ಕೆ ಬೆಳೆಯುವ ಮೋಡಗಳು ಹೆಚ್ಚುತ್ತಿವೆ. ಅರಬ್ಬೀ ಸಮುದ್ರದ ಬಿಸಿ ಇದಕ್ಕೆ ಒಂದು ಕಾರಣ. ಎತ್ತರದ ಮೋಡ ಕಡಿಮೆ ಹೊತ್ತಿನಲ್ಲಿ ಹೆಚ್ಚು ನೀರು ಸುರಿಯುತ್ತದೆ. ಜುಲೈನಲ್ಲಿ ಗುಡುಗು ಕೇಳಿದರೆ ನಮ್ಮಲ್ಲಿ ಹಳಬರು ಹುಬ್ಬೇರಿಸುತ್ತಿದ್ದರು. ಈಗ ಯಾರೂ ಹುಬ್ಬೇರಿಸುವುದಿಲ್ಲ.

ಸಮುದ್ರದ ಮಾತು ಬಂದದ್ದಕ್ಕೆ ಕಾರವಾರದ ಬೈತಖೋಲದ ಬಂದರಿಗೂ ಒಮ್ಮೆ ಇಳಿದು ಬರೋಣ. ತೂಫಾನ್ ಅಂದ್ರೆ ಬಂಗಾಳ ಕೊಲ್ಲಿಯ ಬಾಬತ್ತು ಅಂತ ಇಲ್ಲಿನ ಮೀನುಗಾರರು ನಿಶ್ಚಿಂತೆಯಿಂದ ಇದ್ದ ಕಾಲವಿತ್ತು. 2019 ಒಂದೇ ವರ್ಷ ಅರಬ್ಬೀ ಸಮುದ್ರದಲ್ಲಿ ಐದು ಚಂಡಮಾರುತ ಹುಟ್ಟಿದವು, ವಾಡಿಕೆ ಸುಮಾರು ಒಂದು. ಅವುಗಳಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಆಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ತೀರದ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. 1982ರಿಂದ 2019ರ ದಾಖಲೆ ನೋಡಿದ ಪುಣೆಯ ವಿಜ್ಞಾನಿಗಳು ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿದೆ ಎಂದಿದ್ದಾರೆ. ಜೂನ್, ಜುಲೈ ಹೇಗೂ ಮೀನುಗಾರಿಕೆಗೆ ನಿಷೇಧ. ಅದಕ್ಕೂ ಮುಂಚಿನ ಮೇ ತಿಂಗಳು, ದಸರಾ ನಂತರದ ಅಕ್ಟೋಬರ್, ನವೆಂಬರ್, ಅಂದ್ರೆ ನಾಲ್ಕು ಕಾಸು ಕಾಣುವ ದಿನಗಳಲ್ಲೇ ಈ ತೂಫಾನ್‌ಗಳು ಬರುತ್ತವೆ. ಬೇರೆ ರಾಜ್ಯದ ಬೋಟುಗಳೂ ಆಸರೆಗೆ ಬಂದು ಕಾರವಾರದ ಬಂದರಿನಲ್ಲಿ ಲಂಗರು ಹಾಕುತ್ತವೆ. ನೋಡಲು ಜಾತ್ರೆ, ಸಂಪಾದನೆ ಇಲ್ಲ.

ಹಾಗಾದರೆ ಗಾಳಿಯ ಲೆಕ್ಕ ಕಗ್ಗಂಟು ಅಂದದ್ದು ಯಾಕೆ? ಒಂದು ಉದಾಹರಣೆ ಸಾಕು. ಪೆಸಿಫಿಕ್ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ದೊಡ್ಡ ಗಾಳಿಚಕ್ರಕ್ಕೆ ಗಿಲ್ಬರ್ಟ್ ವಾಕರ್ ಅವರ ಹೆಸರಿದೆ. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಅವರು ನಮ್ಮ ಮುಂಗಾರಿಗೆ ಮುನ್ಸೂಚನೆ ಹುಡುಕುತ್ತಾ ಹೋಗಿ ಪೆಸಿಫಿಕ್‌ವರೆಗೆ ತಲುಪಿದವರು. ಭೂಮಿ ಬಿಸಿಯಾದರೆ ಈ ಚಕ್ರ ದುರ್ಬಲವಾಗಬೇಕು ಅಂತ ಹೆಚ್ಚಿನ ಕಂಪ್ಯೂಟರ್ ಮಾದರಿಗಳು ಹೇಳುತ್ತವೆ. 1980ರಿಂದೀಚಿನ ದಶಕಗಳಲ್ಲಿ ಆದದ್ದು ಉಲ್ಟಾ, ಅದು ಬಲವಾಯಿತು. ಮಾದರಿ ತಪ್ಪೋ, ಪ್ರಕೃತಿಯ ತಾತ್ಕಾಲಿಕ ಏರಿಳಿತವೋ ಎಂಬ ಜಗಳ ಇನ್ನೂ ನಡೆದಿದೆ. ಉತ್ತರ ಧ್ರುವದ ಕಡೆಯೂ ಇಂಥದೇ ಜಗಳ. ಆರ್ಕ್ಟಿಕ್ ಪ್ರದೇಶ 1979ರಿಂದ ಭೂಮಿಯ ಸರಾಸರಿಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಅದರಿಂದ ಮೇಲ್ಮಟ್ಟದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಗಾಳಿ ಹೆಚ್ಚು ಬಳುಕುತ್ತದೆ ಅಂತ ಕೆಲವರು, ಪುರಾವೆ ಸಾಲದು ಅಂತ ಉಳಿದವರು. 2010ರಲ್ಲಿ ಜೆಟ್ ಗಾಳಿಯ ಅಲೆ ವಾರಗಟ್ಟಲೆ ಒಂದೇ ಕಡೆ ನಿಂತು, ಅತ್ತ ರಷ್ಯಾ ಬೆಂದಿತು, ಇತ್ತ ಪಾಕಿಸ್ತಾನ ಮುಳುಗಿತು. ನೀರಾವಿ ಎಲ್ಲ ಮಾದರಿಯಲ್ಲೂ ಒಂದೇ ರೀತಿ ಏರುತ್ತದೆ. ಗಾಳಿ ಮಾದರಿಗೊಂದು ದಾರಿ ಹಿಡಿಯುತ್ತದೆ.

ಈ ಅನಿಶ್ಚಿತತೆಯನ್ನು ಹಿಡಿದು "ಎಲ್ಲ ಹವಾಮಾನ ಬದಲಾವಣೆಯಿಂದ" ಅಂತ ಕೈತೊಳೆದುಕೊಳ್ಳುವವರೂ ಇದ್ದಾರೆ, "ಅದೆಲ್ಲ ಬೂಸಿ" ಅನ್ನುವವರೂ ಇದ್ದಾರೆ. ಇಬ್ಬರನ್ನೂ ಶಿರೂರಿಗೆ ಕರೆದುಕೊಂಡು ಹೋಗಬೇಕು. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಇಳಿಯಿತು. ರಸ್ತೆ ಬದಿಯ ಚಹಾ ಅಂಗಡಿ ಹೋಯಿತು. ಲಾರಿ, ಗ್ಯಾಸ್ ಟ್ಯಾಂಕರ್ ಗಂಗಾವಳಿ ಹೊಳೆಗೆ ಬಿದ್ದವು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ದಿನಗಟ್ಟಲೆ ಮಳೆ ಬಿದ್ದು ನೆಲ ಮೊದಲೇ ತುಂಬಿತ್ತು. ತೀರದುದ್ದಕ್ಕೂ ಕಡಿಮೆ ಒತ್ತಡದ ಪಟ್ಟಿ ಕದಲದೆ ನಿಂತಿದ್ದರೆ ಹೀಗಾಗುತ್ತದೆ. ಅದರ ಮೇಲೆ, ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ಕಡಿದು ಗೋಡೆಯಂತೆ ನಿಲ್ಲಿಸಲಾಗಿತ್ತು. ನಮ್ಮ ಗುಡ್ಡಗಳಲ್ಲಿ ಮೇಲೆ ಚಿರೇಕಲ್ಲು, ಅದರ ಕೆಳಗೆ ಅನೇಕ ಕಡೆ ಶೇಡಿ ಮಣ್ಣು, ಅಂದ್ರೆ ಮೆತ್ತನೆ ಜೇಡಿಮಣ್ಣು. ನೀರು ಕುಡಿದ ಶೇಡಿ ಮಣ್ಣು ಸಾಬೂನಿನ ಹಾಗೆ. ಬುಡ ಕಡಿದ ಮೇಲೆ ಅದು ನಿಲ್ಲಲು ಕಾರಣವೇ ಇಲ್ಲ.

2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ನಾಲ್ವರು. ಪಂಚಾಂಗದ ಲೆಕ್ಕದಲ್ಲಿ ಕಡವಾಡದ್ದು ಹಸ್ತಾ ಮಳೆ, ಮುಟ್ಟಳ್ಳಿಯದು ಪುಷ್ಯ ಮುಗಿದು ಆಶ್ಲೇಷಾ ಹಿಡಿಯುವ ಹೊತ್ತು, ಶಿರೂರಿನದು ಪುನರ್ವಸು. ಮೂರೂ ಬೇರೆ ನಕ್ಷತ್ರ. ಹಸ್ತಾ ಮಳೆಯ ಹೊತ್ತಿಗೆ ಮುಂಗಾರು ಮರಳಿ ಹೋಗುವ ತಯಾರಿಯಲ್ಲಿ ಇರಬೇಕಿತ್ತು. ಮಳೆಗಾಲದ ಯಾವ ತಿಂಗಳೂ ಈಗ ಗುಡ್ಡದ ಬುಡದ ಮನೆಗೆ ಸುರಕ್ಷಿತ ಅಲ್ಲ.

ಮಳೆ ಅಳೆಯುವ ರೀತಿಯಲ್ಲೂ ಒಂದು ತೊಡಕಿದೆ. ಹವಾಮಾನ ಇಲಾಖೆಯ ಮಳೆ ಮಾಪಕದ ಲೆಕ್ಕ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ಕ್ಕೆ. ಪತ್ರಿಕೆಯಲ್ಲಿ ಬರುವುದು ಆ ಸಂಖ್ಯೆ. 120 ಮಿ.ಮೀ. ಅಂತ ಓದಿದರೆ, ಅದು ದಿನವಿಡೀ ಜಿಟಿಜಿಟಿ ಬಿದ್ದದ್ದೋ, ನಸುಕಿನ ಮೂರು ತಾಸಿನಲ್ಲಿ ಸುರಿದದ್ದೋ ಗೊತ್ತಾಗುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ತಾನಾಗಿ ಅಳೆದು ಕಳಿಸುವ ಮಾಪಕಗಳನ್ನು ಇಟ್ಟಿದೆ, ಕಾಲು ತಾಸಿಗೊಮ್ಮೆ ಲೆಕ್ಕ ಹೋಗುತ್ತದೆ. ಗುಡ್ಡಕ್ಕೆ ಬೇಕಾದದ್ದು ಈ ಲೆಕ್ಕ. ಗುಡ್ಡದ ಕೆಳಗಿನ ಮನೆಯವರಿಗೆ ಮಧ್ಯರಾತ್ರಿ ಎರಡು ಗಂಟೆಗೆ ಈ ಲೆಕ್ಕ ಯಾರು ಹೇಳುತ್ತಾರೆ, ಹೇಳಿದರೆ ಅವರು ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಇನ್ನೂ ಸರಿಯಾಗಿ ತೀರ್ಮಾನವಾಗಿಲ್ಲ. ಗಾಳಿ ಉತ್ತರಕ್ಕೆ ಸರಿಯುತ್ತದೋ ಇಲ್ಲವೋ ಎಂಬ ವಿಜ್ಞಾನಿಗಳ ಜಗಳ ಮುಗಿಯುವತನಕ ಇದಕ್ಕೆ ಕಾಯಬೇಕಾಗಿಲ್ಲ.

ನಮ್ಮ ತೋಟದಲ್ಲಿ ಕಳೆದ ಸಲ ಕೊಳೆಗೆ ಉದುರಿದ ಕಾಯಿಯನ್ನು ಆರಿಸಿ ಮುಗಿಸಲು ಶ್ರಾವಣ ಪೂರ್ತಿ ಹಿಡಿಯಿತು. ಈ ಸಲ ಮೈಲುತುತ್ತ ಏಪ್ರಿಲ್‌ನಲ್ಲೇ ತಂದಿಟ್ಟಿದ್ದೇನೆ. ಕೊನೆಗೌಡನಿಗೂ ಮುಂಗಡ ಕೊಟ್ಟಾಗಿದೆ, ಮೇ 15ರ ಒಳಗೆ ಮೊದಲ ಔಷಧಿ ಮುಗಿಸೋಣ ಅಂದೆ. ಅವನು ನಕ್ಕ. "ಈ ಸಲ ಮಳೆ ತಡ ಆದ್ರೆ ಎಂತ ಮಾಡ್ತ್ರಿ ಭಟ್ರೇ?" ಅಂತ ಕೇಳಿದ. ಇನ್ನೊಂದು ಸಲ ಹೊಡೆಯುವಷ್ಟು ಮೈಲುತುತ್ತ ಹೆಚ್ಚಿಗೆ ತರಲು ಬರೆದಿಟ್ಟುಕೊಂಡೆ.